ಡಬ್ಬಿಯೊಳಗಿನ ಚೀಟಿ: ಟ್ಯಾಂಪೂನಿನ ಒಂದು ಸಣ್ಣ ಇತಿಹಾಸ

ನಾನು ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿರುವ ಗೃಹಿಣಿ. ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು. ವಾರಾಂತ್ಯದಲ್ಲಿ ಕನ್ನಡ ಶಾಲೆಯ ಮಕ್ಕಳಿಗೆ ಒತ್ತಕ್ಷರ ಕಲಿಸುತ್ತೇನೆ. ಹಬ್ಬದ ಕಾರ್ಯಕ್ರಮ ಇದ್ದರೆ ಊಟದ ಸಾಲಿನಲ್ಲಿ ಚಿತ್ರಾನ್ನ ಬಡಿಸುವವಳೂ ನಾನೇ. ನಿಮ್ಮಲ್ಲಿ ಅನೇಕರಿಗೆ ನಾನು 'ಆಂಟಿ'. ಇವತ್ತು ಆ ಸಲಿಗೆಯಲ್ಲೇ ಮಾತಾಡುತ್ತೇನೆ.

ವಿಷಯ ಟ್ಯಾಂಪೂನ್. ಇದನ್ನು ಕೇಳುತ್ತಿದ್ದ ಹಾಗೆ ಕೆಲವು ಮನೆಗಳಲ್ಲಿ ರೇಡಿಯೋ ಸದ್ದು ಕಡಿಮೆಯಾಗಬಹುದು ಅಂತ ನನಗೆ ಗೊತ್ತು. ಪರವಾಗಿಲ್ಲ, ಪತ್ರಿಕೆಯಲ್ಲಿ ಓದಿಕೊಳ್ಳಿ. ಹುಡುಗರೂ ಓದಿ. ನಾಳೆ ನಿಮಗೂ ತಂಗಿ, ಗೆಳತಿ, ಹೆಂಡತಿ, ಮಗಳು ಇರುತ್ತಾರೆ.

ಈ ವಿಷಯ ಯಾಕೆ ಎತ್ತಿಕೊಂಡೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದರಲ್ಲಿ ನನ್ನದೇ ತಪ್ಪಿದೆ. ಕೆಲವು ವರ್ಷಗಳ ಹಿಂದೆ, ಯುಗಾದಿ ನೃತ್ಯದ ಅಭ್ಯಾಸ ಮುಗಿದ ಮೇಲೆ, ಹೈಸ್ಕೂಲಿನಲ್ಲಿದ್ದ ಒಬ್ಬ ಹುಡುಗಿ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಆಂಟಿ, ನೆಕ್ಸ್ಟ್ ವೀಕ್ ಈಜೋಕೆ ಹೋಗಬೇಕು. ನನ್ನ ಡೇಟ್ ಬರುತ್ತೆ. ಟ್ಯಾಂಪೂನ್ ಹಾಕ್ಕೊಂಡ್ರೆ ಏನೂ ಆಗಲ್ವಾ? ಅಮ್ಮನ್ನ ಕೇಳೋಕೆ ಒಂಥರಾ ಆಗುತ್ತೆ." ನಾನು ಯೋಚನೆ ಕೂಡ ಮಾಡಲಿಲ್ಲ. "ಅದೆಲ್ಲಾ ಮದುವೆ ಆದ್ಮೇಲೆ ಕಣೇ ಪುಟ್ಟಿ, ಈಗ ಬೇಡ" ಅಂದೆ. ನನ್ನ ಅತ್ತಿಗೆ ನನಗೆ ಹೇಳಿದ್ದೂ ಅದೇ ಮಾತು. ಅದನ್ನೇ ಮುಂದಕ್ಕೆ ದಾಟಿಸಿದೆ.

ಅವಳು ಯಾರಿಗೂ ಹೇಳದೆ ಸ್ನೇಹಿತೆಯ ಬ್ಯಾಗಿನಿಂದ ಒಂದು ತೆಗೆದುಕೊಂಡು ಬಳಸಿದಳು. ಅದು ಸೂಪರ್ ಸೈಜ್. ಸಂಜೆ ದಾರ ಕೈಗೆ ಸಿಗಲಿಲ್ಲ. ಹೆದರಿ ರಾತ್ರಿಯೆಲ್ಲಾ ಹಾಗೇ ಮಲಗಿ, ಬೆಳಗ್ಗೆ ನನಗೆ ಫೋನ್ ಮಾಡಿದಳು. "ಆಂಟಿ, ಅದು ಒಳಗೇ ಕಳೆದುಹೋಯ್ತಾ? ಹೊಟ್ಟೆಗೆ ಹೋಗುತ್ತಾ?" ನನಗೆ ಉತ್ತರ ಗೊತ್ತಿರಲಿಲ್ಲ. ನಲವತ್ತು ದಾಟಿದ, ಒಂದು ಹೆತ್ತ, ಒಂದು ಡಿಗ್ರಿ ಪಡೆದ ಹೆಂಗಸಿಗೆ ತನ್ನ ದೇಹದ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಡಾಕ್ಟರ ನರ್ಸ್ ಲೈನಿಗೆ ಇಬ್ಬರೂ ಸೇರಿ ಫೋನ್ ಮಾಡಿದೆವು. ನರ್ಸ್ ನಿಧಾನವಾಗಿ ಹೇಳಿಕೊಟ್ಟರು, ಐದು ನಿಮಿಷದಲ್ಲಿ ಅದು ಹೊರಗೆ ಬಂತು. ಏನೂ ಆಗಲಿಲ್ಲ. ಆದರೆ ಏನಾದರೂ ಆಗಬಹುದಿತ್ತು ಅನ್ನುವುದು ಆಮೇಲೆ ಓದಿದಾಗ ತಿಳಿಯಿತು.

ಆ ದಿನ ಟ್ಯಾಂಪೂನ್ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಚೀಟಿಯನ್ನು ಮೊದಲ ಸಲ ಬಿಡಿಸಿ ಓದಿದೆ. ಸಣ್ಣ ಅಕ್ಷರ, ಬೇಸರದ ಭಾಷೆ. ಎಂಟು ಗಂಟೆಗಿಂತ ಹೆಚ್ಚು ಇಡಬೇಡಿ, ಅಗತ್ಯಕ್ಕೆ ತಕ್ಕಷ್ಟು ಕಡಿಮೆ ಹೀರುವಂಥದ್ದನ್ನು ಬಳಸಿ, ಜ್ವರ ಬಂದರೆ ತೆಗೆಯಿರಿ. ಈ ಸಾಲುಗಳು ಎಲ್ಲಿಂದ ಬಂದವು ಅಂತ ಹುಡುಕುತ್ತಾ ಹೋದೆ. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆ ಚೀಟಿಯನ್ನು ಯಾರೂ ಸುಮ್ಮನೆ ಬರೆದದ್ದಲ್ಲ. ಅದಕ್ಕಾಗಿ ಕೆಲವರು ಪ್ರಾಣ ತೆತ್ತರು, ಕೆಲವರು ಹತ್ತು ವರ್ಷ ಜಗಳವಾಡಿದರು.

ಮುಟ್ಟು ಎಂಬ ಮಾತು

ಮೊದಲು ನಮ್ಮ ಭಾಷೆಯಿಂದ ಶುರು ಮಾಡೋಣ. ನೀವು 'ಪೀರಿಯಡ್' ಅನ್ನುತ್ತೀರಿ. ಕನ್ನಡದಲ್ಲಿ ಇದಕ್ಕೆ ಎಷ್ಟು ಹೆಸರು ಗೊತ್ತೇ? ಮುಟ್ಟು, ಹೊರಗಾಗುವುದು, ದೂರ ಕೂರುವುದು, ತಿಂಗಳಾಗುವುದು, ರಜ ಅಂತ ಹಲವು. ಮಕ್ಕಳಿಗೆ ಹೇಳುವಾಗ 'ಅಮ್ಮನಿಗೆ ಕಾಗೆ ಮುಟ್ಟಿದೆ'. ಮೊದಲ ಸಲವಾದರೆ ಮೈನೆರೆದಳು, ದೊಡ್ಡವಳಾದಳು, ಋತುಮತಿಯಾದಳು. ಹೆಸರುಗಳಿಗೇನೂ ಬರವಿಲ್ಲ. ಆದರೆ ಹೆಚ್ಚಿನವು ಆ ಹೆಂಗಸು ಎಲ್ಲಿ ಕೂತಿದ್ದಾಳೆ, ಅವಳನ್ನು ಮುಟ್ಟಬಹುದೋ ಬೇಡವೋ ಅನ್ನುವುದನ್ನು ಹೇಳುತ್ತವೆ. ಅವಳ ದೇಹದೊಳಗೆ ಏನಾಗುತ್ತಿದೆ ಅನ್ನುವುದನ್ನು ಹೇಳುವ ಮನೆಮಾತು ಕಡಿಮೆ. ಯೋನಿ, ಗರ್ಭಕಂಠ ಅನ್ನುವ ಪದಗಳು ಪಠ್ಯಪುಸ್ತಕದಲ್ಲಿದ್ದವು. ನಮ್ಮ ಹೈಸ್ಕೂಲಿನಲ್ಲಿ ಆ ಪಾಠವನ್ನು 'ಮನೆಯಲ್ಲಿ ಓದಿಕೊಳ್ಳಿ' ಅಂತ ಬಿಟ್ಟರು.

ನಮ್ಮ ಹಳೇ ಮೈಸೂರು ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಿದ್ದ. ಆರತಿ ಮಾಡಿ, ಹಾಡು ಹೇಳಿ, ಕೊಬ್ಬರಿ ಬೆಲ್ಲ, ಎಳ್ಳಿನ ಚಿಗಳಿ ತಿನ್ನಿಸುತ್ತಿದ್ದರು. ಊರಿಗೆಲ್ಲಾ ಸುದ್ದಿ. ಆದರೆ ಆ ಹುಡುಗಿ ಬಟ್ಟೆಯನ್ನು ಹೇಗೆ ಮಡಚಬೇಕು, ಎಷ್ಟು ಹೊತ್ತಿಗೆ ಬದಲಿಸಬೇಕು ಅನ್ನುವುದು ಮಾತ್ರ ಗುಟ್ಟು. ನಾನು ಬಳಸಿದ್ದು ಅಜ್ಜಿಯ ಹಳೆಯ ಹತ್ತಿ ಸೀರೆಯ ತುಂಡು. ಒಗೆದು ಲಂಗದ ಕೆಳಗೆ ಮುಚ್ಚಿ ಒಣಗಿಸಬೇಕಿತ್ತು. ಬಿಸಿಲು ತಾಗದೆ ಮಳೆಗಾಲದಲ್ಲಿ ಅದು ಸರಿಯಾಗಿ ಒಣಗುತ್ತಲೇ ಇರಲಿಲ್ಲ.

ಹಾಗಂತ ನಮ್ಮ ಹಿಂದಿನವರೆಲ್ಲಾ ಒಂದೇ ರೀತಿ ಯೋಚಿಸಿದರು ಅಂದುಕೊಳ್ಳಬೇಡಿ. 12ನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಐದು ಸೂತಕಗಳನ್ನು ಒಪ್ಪಲಿಲ್ಲ: ಜನನ, ಮರಣ, ಜಾತಿ, ಎಂಜಲು, ರಜಸ್ಸು. ಅಂದರೆ ಮುಟ್ಟು ಮೈಲಿಗೆಯಲ್ಲ ಅನ್ನುವ ಮಾತು ಕನ್ನಡ ನಾಡಿಗೆ ಎಂಟುನೂರು ವರ್ಷಕ್ಕಿಂತ ಹಳೆಯದು. ತುಳುನಾಡಿನಲ್ಲಿ, ಕಾಸರಗೋಡಿನವರೆಗೂ, ಕೆಡ್ಡಸ ಅನ್ನುವ ಹಬ್ಬ ಇದೆ. ಆಗ ಭೂಮಿತಾಯಿಯೇ ಮುಟ್ಟಾಗುತ್ತಾಳೆ ಅನ್ನುವ ನಂಬಿಕೆ. ಮೂರು ದಿನ ನೆಲ ಅಗೆಯುವುದಿಲ್ಲ, ನೇಗಿಲು ಹೂಡುವುದಿಲ್ಲ, ಅವಳಿಗೆ ವಿಶ್ರಾಂತಿ. ಅದೇ ನಾಡಿನಲ್ಲಿ ಚಿತ್ರದುರ್ಗ, ತುಮಕೂರು ಕಡೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದ ಹೆಂಗಸರು ಹಟ್ಟಿಯ ಹೊರಗೆ ಇರಬೇಕಾದ ಕಟ್ಟುಪಾಡೂ ಉಳಿದುಕೊಂಡು ಬಂದಿದೆ. ಅವರಿಗಾಗಿ ಸರ್ಕಾರ 'ಕೃಷ್ಣ ಕುಟೀರ' ಅಂತ ಕಟ್ಟಡಗಳನ್ನೇ ಕಟ್ಟಿಸಬೇಕಾಯಿತು. ಎರಡೂ ನಮ್ಮವೇ. ಯಾವುದನ್ನು ಮುಂದಕ್ಕೆ ಒಯ್ಯಬೇಕು ಅನ್ನುವುದು ನಮಗೆ ಬಿಟ್ಟದ್ದು.

ಶಿಕಾಗೋದ ಕಂದು ಕಾಗದ

ಅಮೆರಿಕದವರು ಇದನ್ನೆಲ್ಲಾ ಮೊದಲಿಂದ ಬಿಚ್ಚುಮನಸ್ಸಿನಿಂದ ಮಾತಾಡುತ್ತಿದ್ದರು ಅಂತ ನಾನು ಅಂದುಕೊಂಡಿದ್ದೆ. ಇಲ್ಲ.

ನಮ್ಮ ಊರಿನಲ್ಲಿ ಹೈವೇ ಪಕ್ಕ ಸಿಯರ್ಸ್ ಕಂಪನಿಯ ದೊಡ್ಡ ಮುಖ್ಯ ಕಚೇರಿ ಇತ್ತು, ನೆನಪಿದೆಯೇ? ಈಗ ಅದನ್ನು ಕೆಡವಿ ಡೇಟಾ ಸೆಂಟರ್ ಕಟ್ಟುತ್ತಿದ್ದಾರೆ. ಆ ಸಿಯರ್ಸ್ ಶಿಕಾಗೋದಿಂದ ಹಳ್ಳಿಹಳ್ಳಿಗೆ ಅಂಚೆಯಲ್ಲಿ ಸಾಮಾನು ಕಳಿಸುತ್ತಿದ್ದ ಕಂಪನಿ. 20ನೆಯ ಶತಮಾನದ ಆರಂಭದ ಅದರ ಕ್ಯಾಟಲಾಗ್‌ಗಳಲ್ಲಿ ಹೆಂಗಸರಿಗಾಗಿ ಸೊಂಟಕ್ಕೆ ಕಟ್ಟುವ ಬೆಲ್ಟು, ಅದಕ್ಕೆ ಸಿಕ್ಕಿಸುವ ಬಟ್ಟೆ ಇರುತ್ತಿದ್ದವು. ಅಂಗಡಿಗೆ ಹೋಗಿ ಗಂಡಸಿನ ಮುಂದೆ ಕೇಳುವುದಕ್ಕಿಂತ ಅಂಚೆಯಲ್ಲಿ ತರಿಸುವುದು ಸುಲಭ. ಕೊಳ್ಳಲು ಆಗದವರು ನಮ್ಮ ಅಜ್ಜಿಯರ ಹಾಗೇ ಹಳೆ ಬಟ್ಟೆ ಬಳಸುತ್ತಿದ್ದರು.

ಮೊದಲನೆಯ ಮಹಾಯುದ್ಧದಲ್ಲಿ ಗಾಯಾಳುಗಳ ಪಟ್ಟಿಗಾಗಿ ವಿಸ್ಕಾನ್ಸಿನ್‌ನ ಕಿಂಬರ್ಲಿ-ಕ್ಲಾರ್ಕ್ ಕಂಪನಿ ಮರದ ತಿರುಳಿನಿಂದ 'ಸೆಲ್ಯುಕಾಟನ್' ಅನ್ನುವ ವಸ್ತು ತಯಾರಿಸಿತು. ಅದು ಹತ್ತಿಗಿಂತ ಚೆನ್ನಾಗಿ ಹೀರುತ್ತದೆ, ಅಗ್ಗ, ಎಸೆಯಬಹುದು. ಯುದ್ಧಭೂಮಿಯ ನರ್ಸ್‌ಗಳು ಅದನ್ನು ತಮ್ಮ ಮುಟ್ಟಿಗೂ ಬಳಸಿಕೊಂಡರು. ಯುದ್ಧ ಮುಗಿದ ಮೇಲೆ ಕಂಪನಿ ಅದನ್ನೇ ಪ್ಯಾಡ್ ಮಾಡಿ ಕೋಟೆಕ್ಸ್ ಅಂತ 1920ರ ಹೊತ್ತಿಗೆ ಮಾರುಕಟ್ಟೆಗೆ ತಂದಿತು. ಮಾರಾಟವೇ ಆಗಲಿಲ್ಲ. ಕಾರಣ ನಾಚಿಕೆ. ಕೊನೆಗೆ ಅಂಗಡಿಗಳಲ್ಲಿ ಡಬ್ಬಿಗಳನ್ನು ಹೆಸರಿಲ್ಲದ ಕಾಗದದಲ್ಲಿ ಸುತ್ತಿ ಇಟ್ಟರು. ಪಕ್ಕದಲ್ಲಿ ದುಡ್ಡು ಹಾಕಲು ಒಂದು ಪೆಟ್ಟಿಗೆ. ಬಾಯಿ ಬಿಡದೆ ದುಡ್ಡು ಹಾಕಿ, ಡಬ್ಬಿ ಎತ್ತಿಕೊಂಡು ಹೋಗಬಹುದು. ಅದರ ಜಾಹೀರಾತನ್ನು ಮುಂದೆ ದೊಡ್ಡದಾಗಿ ಬೆಳೆಸಿದವರು ಶಿಕಾಗೋದ ಲಾರ್ಡ್ ಅಂಡ್ ಥಾಮಸ್ ಸಂಸ್ಥೆಯ ಆಲ್ಬರ್ಟ್ ಲಾಸ್ಕರ್.

1990ರ ದಶಕದಲ್ಲಿ ನಮ್ಮೂರ ಮೆಡಿಕಲ್ ಶಾಪಿನವರು ಪ್ಯಾಡನ್ನು ನ್ಯೂಸ್ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿಗೆ ಹಾಕಿ, ಕಣ್ಣು ತಪ್ಪಿಸಿ ಕೊಡುತ್ತಿದ್ದರು. ಶಿಕಾಗೋಗೂ ನಮ್ಮೂರಿಗೂ ನಡುವೆ ಎಪ್ಪತ್ತು ವರ್ಷ ಅಂತರ. ಕಾಗದ ಮಾತ್ರ ಅದೇ.

ಕೈ ತಾಗದಿರಲಿ ಅಂತ ಒಂದು ಕೊಳವೆ

ಈಗ ಟ್ಯಾಂಪೂನಿಗೆ ಬರೋಣ. ಕೊಲೊರಾಡೋದ ಡೆನ್ವರ್‌ನಲ್ಲಿ ಅರ್ಲ್ ಹಾಸ್ ಅನ್ನುವ ಡಾಕ್ಟರ್ ಇದ್ದರು. ಒಬ್ಬ ಗೆಳತಿ ತಾನು ಸ್ಪಂಜಿನ ತುಂಡು ಬಳಸುತ್ತೇನೆ ಅಂದದ್ದು ಅವರ ತಲೆಗೆ ಹೊಕ್ಕಿತು ಎನ್ನುತ್ತಾರೆ. ಒತ್ತಿದ ಹತ್ತಿ, ಅದಕ್ಕೆ ಹೊಲಿದ ದಾರ, ಒಂದರೊಳಗೊಂದು ಜಾರುವ ಎರಡು ರಟ್ಟಿನ ಕೊಳವೆ. 1931ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1933ರಲ್ಲಿ ಸಿಕ್ಕಿತು. ಹೆಸರು ಟ್ಯಾಂಪ್ಯಾಕ್ಸ್. ಅವರಿಂದ ಆ ಹಕ್ಕನ್ನು ಕೊಂಡವರು ಗರ್ಟ್ರೂಡ್ ಟೆಂಡ್ರಿಚ್ ಅನ್ನುವ ಉದ್ಯಮಿ ಮಹಿಳೆ. ಶುರುವಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಮನೆಯಲ್ಲೇ ತಯಾರಿಸಿದರಂತೆ.

ಆ ಕೊಳವೆ ಯಾಕೆ ಅಂತ ಯೋಚಿಸಿದ್ದೀರಾ? ಹೆಂಗಸು ತನ್ನ ದೇಹವನ್ನು ತಾನೇ ಮುಟ್ಟದೆ ಕೆಲಸ ಮುಗಿಯಲಿ ಅಂತ. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮಲ್ಲಿ ಬೇರೆಯವರು ಅವಳನ್ನು ಮುಟ್ಟಬಾರದು, ಇಲ್ಲಿ ಅವಳನ್ನು ಅವಳೇ ಮುಟ್ಟಿಕೊಳ್ಳಬಾರದು. ಇದೂ ಒಂದು ಬಗೆಯ ಮಡಿಯೇ. ಜರ್ಮನಿಯಲ್ಲಿ ಯೂಡಿತ್ ಎಸ್ಸರ್-ಮಿಟ್ಟಾಗ್ ಅನ್ನುವ ಸ್ತ್ರೀರೋಗ ತಜ್ಞೆ ಕೊಳವೆ ಇಲ್ಲದ, ಬೆರಳಿನಿಂದಲೇ ಇಡುವ ಟ್ಯಾಂಪೂನ್ ರೂಪಿಸಿದರು. 1950ರಲ್ಲಿ ಅದು ಓ.ಬಿ. ಅನ್ನುವ ಹೆಸರಿನಲ್ಲಿ ಬಂತು. ಇವತ್ತು ಅಂಗಡಿಯಲ್ಲಿ ಎರಡೂ ಸಿಗುತ್ತವೆ.

ಅಮೆರಿಕದಲ್ಲೂ 'ಮದುವೆ ಆಗದ ಹುಡುಗಿಯರು ಬಳಸಬಹುದೇ' ಅನ್ನುವ ದೊಡ್ಡ ವಾದ ನಡೆಯಿತು. ಕನ್ಯತ್ವ ಹೋಗುತ್ತದೆ, ಕೆಟ್ಟ ಯೋಚನೆ ಬರುತ್ತದೆ ಅಂತೆಲ್ಲಾ ಹೇಳಿದರು. ನನ್ನ ಅತ್ತಿಗೆಯ ಮಾತು ಇಂಗ್ಲಿಷಿನಲ್ಲೂ ಇತ್ತು ಅನ್ನಿ. ಆಗ ರಾಬರ್ಟ್ ಡಿಕಿನ್ಸನ್ ಅನ್ನುವ ಹಿರಿಯ ಸ್ತ್ರೀರೋಗ ತಜ್ಞರು 1945ರಲ್ಲಿ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್‌ನ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಆ ಸಂಘದ ಕಚೇರಿ ಇರುವುದು ಇಲ್ಲೇ ಶಿಕಾಗೋದಲ್ಲಿ. ಎಂಬತ್ತು ದಾಟಿದ ಆ ಡಾಕ್ಟರು ಅಳತೆಗಳನ್ನು ಇಟ್ಟುಕೊಂಡು ಟ್ಯಾಂಪೂನನ್ನು ಸಮರ್ಥಿಸಿದರು. ಆ ವಾದಕ್ಕೆ ವೈದ್ಯರ ಉತ್ತರ ಬಂದು 80 ವರ್ಷ ಆಗಿದೆ. ನಾನು ಆ ಹುಡುಗಿಗೆ ಹೇಳಿದ್ದು ಅಷ್ಟು ಹಳೆಯ ಸುಳ್ಳು.

1980: ನಗರವಲ್ಲ, ಮನೆಯೊಳಗಿನ ಪಿಡುಗು

ಚೀಟಿಯ ಮುಖ್ಯ ಭಾಗ ಇನ್ನು ಶುರು. 1970ರ ದಶಕದಲ್ಲಿ ಕಂಪನಿಗಳ ನಡುವೆ ಪೈಪೋಟಿ ಹುಟ್ಟಿತು: ಯಾರದ್ದು ಹೆಚ್ಚು ಹೀರುತ್ತದೆ? ಹತ್ತಿಯ ಜೊತೆ ಹೊಸ ಕೃತಕ ವಸ್ತುಗಳು ಬಂದವು. ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ರಿಲೈ ಅನ್ನುವ ಟ್ಯಾಂಪೂನ್ ತಂದಿತು. ಅದರೊಳಗೆ ಪಾಲಿಯೆಸ್ಟರ್ ಫೋಮ್, ಜೊತೆಗೆ ನೀರು ಕುಡಿದು ಉಬ್ಬುವ ಕಾರ್ಬಾಕ್ಸಿಮಿಥೈಲ್ ಸೆಲ್ಯುಲೋಸ್. ಲಕ್ಷಾಂತರ ಮನೆಗಳಿಗೆ ಉಚಿತ ಸ್ಯಾಂಪಲ್ ಹೋಯಿತು. ಹೆಂಗಸರಿಗೂ ಇಷ್ಟವಾಯಿತು, ಆಗಾಗ ಬದಲಿಸುವ ಗೋಜಿಲ್ಲ.

1978ರಲ್ಲಿ ಮತ್ತೆ ಅದೇ ಡೆನ್ವರ್. ಜೇಮ್ಸ್ ಟಾಡ್ ಅನ್ನುವ ಮಕ್ಕಳ ಡಾಕ್ಟರು ಏಳು ಮಕ್ಕಳಲ್ಲಿ ಕಂಡ ವಿಚಿತ್ರ ಕಾಯಿಲೆಯ ಬಗ್ಗೆ ಬರೆದರು. 8ರಿಂದ 17 ವರ್ಷದವರು, ಅವರಲ್ಲಿ ಹುಡುಗರೂ ಇದ್ದರು. ಇದ್ದಕ್ಕಿದ್ದಂತೆ ಜೋರು ಜ್ವರ, ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪು, ರಕ್ತದೊತ್ತಡ ಕುಸಿತ. ಸ್ಟಫೈಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ ಬಿಡುವ ವಿಷ ಕಾರಣ ಅಂದರು. ಟಾಕ್ಸಿಕ್ ಶಾಕ್ ಸಿಂಡ್ರೋಮ್ ಅಂತ ಹೆಸರಿಟ್ಟರು.

1980ರ ಹೊತ್ತಿಗೆ ನಮ್ಮ ಪಕ್ಕದ ವಿಸ್ಕಾನ್ಸಿನ್ ಮತ್ತು ಮಿನ್ನೆಸೋಟ ರಾಜ್ಯಗಳ ಆರೋಗ್ಯ ಇಲಾಖೆಯವರು ಇದೇ ಲಕ್ಷಣದ ಎಳೆಯ ಹೆಂಗಸರನ್ನು ಕಂಡರು. ಹೆಚ್ಚಿನವರು ಮುಟ್ಟಾಗಿದ್ದಾಗಲೇ ಹಾಸಿಗೆ ಹಿಡಿದಿದ್ದರು. ಮೇ ತಿಂಗಳಲ್ಲಿ ಸಿಡಿಸಿ ಮೊದಲ ವರದಿ ಕೊಟ್ಟಿತು. ಜೂನಿನಲ್ಲಿ ಟ್ಯಾಂಪೂನಿನ ನಂಟು ಗೊತ್ತಾಯಿತು. ಸೆಪ್ಟೆಂಬರಿನಲ್ಲಿ ರಿಲೈ ಬಳಸಿದವರಲ್ಲಿ ಅಪಾಯ ಹೆಚ್ಚು ಅಂತ ಕಂಡುಬಂತು; ಅದೇ ತಿಂಗಳು 22ರಂದು ಕಂಪನಿ ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಂಡಿತು. ಆ ಒಂದೇ ವರ್ಷ ದೇಶದಲ್ಲಿ ಮುಟ್ಟಿಗೆ ಸಂಬಂಧಿಸಿದ 800ಕ್ಕೂ ಹೆಚ್ಚು ಪ್ರಕರಣ ದಾಖಲಾದವು. ಮೂವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರಲ್ಲಿ ನಿಮ್ಮ ವಯಸ್ಸಿನ ಹುಡುಗಿಯರೂ ಇದ್ದರು. ಆ ಬ್ಯಾಕ್ಟೀರಿಯಾದ ವಿಷವನ್ನು ತಡೆಯುವ ಶಕ್ತಿ ನಮ್ಮಲ್ಲಿ ಹೆಚ್ಚಿನವರ ರಕ್ತದಲ್ಲಿ ವಯಸ್ಸಾಗುತ್ತಾ ತಾನೇ ಬೆಳೆದಿರುತ್ತದೆ. ಎಳೆಯರಲ್ಲಿ ಕೆಲವರಿಗೆ ಇನ್ನೂ ಬಂದಿರುವುದಿಲ್ಲ. ಅದಕ್ಕೇ ನಿಮಗೆ ಎಚ್ಚರ ಸ್ವಲ್ಪ ಹೆಚ್ಚು ಬೇಕು.

ಹತ್ತು ವರ್ಷದ ಜಗಳ

1982ರಲ್ಲಿ ಎಫ್‌ಡಿಎ, ಡಬ್ಬಿಯ ಮೇಲೆ ಮತ್ತು ಒಳಗೆ ಎಚ್ಚರಿಕೆಯ ಮಾತು ಇರಲೇಬೇಕು ಅಂದಿತು. ಚೀಟಿ ಕಡ್ಡಾಯವಾದದ್ದು ಹೀಗೆ. ಆದರೆ ಅರ್ಧ ಕೆಲಸ ಉಳಿದಿತ್ತು. ಕಡಿಮೆ ಹೀರುವಂಥದ್ದನ್ನು ಬಳಸಿ ಅನ್ನುವುದೇನೋ ಸರಿ, ಯಾವುದು ಕಡಿಮೆ ಅಂತ ತಿಳಿಯುವುದು ಹೇಗೆ? ಆಗ 'ರೆಗ್ಯುಲರ್', 'ಸೂಪರ್' ಅನ್ನುವುದಕ್ಕೆ ಅರ್ಥವೇ ಇರಲಿಲ್ಲ. ಒಬ್ಬರ ರೆಗ್ಯುಲರ್ ಇನ್ನೊಬ್ಬರ ಸೂಪರಿಗಿಂತ ಹೆಚ್ಚು ಹೀರುತ್ತಿತ್ತು. ಒಂದು ಅಂಗಡಿಯ ಸೇರು ಇನ್ನೊಂದು ಅಂಗಡಿಯ ಪಾವಿಗಿಂತ ಚಿಕ್ಕದಿದ್ದ ಹಾಗೆ.

ಇದನ್ನು ಸರಿಮಾಡಲು ಪಟ್ಟು ಹಿಡಿದವರು ಹೆಂಗಸರು. ಬಾಸ್ಟನ್‌ನ ಮಹಿಳಾ ಆರೋಗ್ಯ ಬಳಗದ ಎಸ್ತರ್ ರೋಮ್ ಕಂಪನಿಯವರ ಜೊತೆ ಒಂದೇ ಮೇಜಿನಲ್ಲಿ ಕೂತು ವರ್ಷಗಟ್ಟಲೆ ವಾದಿಸಿದರು. ಡೆಟ್ರಾಯಿಟ್ ಕಡೆಯವರಿಗೆ ಹೆಮ್ಮೆಯ ಸಂಗತಿ ಹೇಳುತ್ತೇನೆ: ಮಿಶಿಗನ್ ವಿಶ್ವವಿದ್ಯಾಲಯದ ನರ್ಸಿಂಗ್ ವಿಭಾಗದ ನ್ಯಾನ್ಸಿ ಕಿಂಗ್ ರೀಮ್ ಈ ಕೆಲಸಕ್ಕೆ ವಿಜ್ಞಾನದ ಬಲ ಕೊಟ್ಟರು. ಕಂಪನಿಗಳು ಟ್ಯಾಂಪೂನನ್ನು ಉಪ್ಪುನೀರಿನಲ್ಲಿ ಪರೀಕ್ಷಿಸುತ್ತಿದ್ದವು. ಮುಟ್ಟಾದ ಹೆಂಗಸಿನಿಂದ ಉಪ್ಪುನೀರು ಬರುವುದಿಲ್ಲವಲ್ಲ? ರೀಮ್ ಅವರ ಲ್ಯಾಬಿನಲ್ಲಿ ನಿಜವಾದ ರಕ್ತದಲ್ಲಿ ಪರೀಕ್ಷೆ ಮಾಡಿದರು. ಗ್ರಾಹಕರ ಪರವಾದ ಸಂಘಟನೆಯೊಂದು ಕೋರ್ಟಿಗೂ ಹೋಯಿತು. ಕೊನೆಗೆ 1990ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಅಳತೆ ಜಾರಿಗೆ ಬಂತು. ಇವತ್ತು ನಿಮ್ಮ ಡಬ್ಬಿಯ ಮೇಲಿರುವ ಮಾತಿನ ಅರ್ಥ ಇಷ್ಟು: ಲೈಟ್ ಅಂದರೆ 6 ಗ್ರಾಂವರೆಗೆ, ರೆಗ್ಯುಲರ್ 6ರಿಂದ 9, ಸೂಪರ್ 9ರಿಂದ 12, ಸೂಪರ್ ಪ್ಲಸ್ 12ರಿಂದ 15, ಅಲ್ಟ್ರಾ 15ರಿಂದ 18 ಗ್ರಾಂ. ಇವು ಹೀರುವ ಅಳತೆಗಳು. ನಿಮ್ಮ ವಯಸ್ಸಿಗೂ ಮೈಕಟ್ಟಿಗೂ ಇದಕ್ಕೂ ಸಂಬಂಧವಿಲ್ಲ.

ಮೌನ ಎಷ್ಟು ಗಟ್ಟಿಯಾಗಿತ್ತು ಅನ್ನುವುದಕ್ಕೆ ಒಂದು ಮಾತು. 1972ರವರೆಗೆ ಅಮೆರಿಕದ ಟಿವಿಯಲ್ಲಿ ಈ ವಸ್ತುಗಳ ಜಾಹೀರಾತೇ ಇರಲಿಲ್ಲ. ಅನುಮತಿ ಸಿಕ್ಕಮೇಲೂ 'ಪೀರಿಯಡ್' ಅನ್ನುವ ಪದ ಜಾಹೀರಾತಿನಲ್ಲಿ ಕೇಳಿಸಿದ್ದು 1985ರಲ್ಲಿ, ನಟಿ ಕೋರ್ಟ್ನಿ ಕಾಕ್ಸ್ ಬಾಯಲ್ಲಿ. ಅಷ್ಟು ಹೊತ್ತಿಗೆ ಟ್ಯಾಂಪ್ಯಾಕ್ಸ್‌ಗೆ ಐವತ್ತು ವರ್ಷ ಆಗುತ್ತಾ ಬಂದಿತ್ತು.

ಈಗ ನಿಮ್ಮ ಕೈಯಲ್ಲಿರುವ ಡಬ್ಬಿ

ಇತಿಹಾಸ ಗೊತ್ತಾಯಿತು. ಮೊದಲ ಸಲ ಬಳಸುವವರಿಗೆ ಅವತ್ತು ನಾನು ಹೇಳಬೇಕಾಗಿದ್ದ ಮಾತುಗಳನ್ನು ಈಗ ಹೇಳುತ್ತೇನೆ.

ಮೊದಲು ಹೆದರಿಕೆ ಬಿಡಿ. ಯೋನಿ ಒಂದು ಕುರುಡು ಓಣಿಯ ಹಾಗೆ. ಅದರ ಕೊನೆಯಲ್ಲಿ ಗರ್ಭಕಂಠ ಇದೆ. ಅದರ ಬಾಯಿ ಬಹಳ ಚಿಕ್ಕದು, ಟ್ಯಾಂಪೂನ್ ಅಲ್ಲಿಂದ ದಾಟಲಾರದು. ಹೊಟ್ಟೆಗೆ ಹೋಗುವುದಿಲ್ಲ, ಕಳೆದುಹೋಗುವುದಿಲ್ಲ. ಮೂತ್ರ ಬರುವ ದಾರಿ ಬೇರೆ, ಆದ್ದರಿಂದ ಪ್ರತಿ ಸಲ ಬಾತ್‌ರೂಮಿಗೆ ಹೋದಾಗ ತೆಗೆಯಬೇಕಾಗಿಲ್ಲ. ದಾರವನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಕನ್ಯಾಪೊರೆ ಅನ್ನುವುದು ಬಾಗಿಲು ಮುಚ್ಚಿದ ಹಾಗಿರುವ ಪರದೆಯಲ್ಲ. ಅದರಲ್ಲಿ ದಾರಿ ಇರುವುದರಿಂದಲೇ ಮುಟ್ಟಿನ ರಕ್ತ ಹೊರಗೆ ಬರುತ್ತದೆ. ಟ್ಯಾಂಪೂನ್ ಬಳಸಿದವರು ಯಾರೂ 'ಕನ್ಯೆ' ಅನ್ನುವ ಪಟ್ಟ ಕಳೆದುಕೊಳ್ಳುವುದಿಲ್ಲ.

ರಕ್ತಸ್ರಾವ ಚೆನ್ನಾಗಿ ಇರುವ ದಿನ, ಮನೆಯಲ್ಲಿ, ಅವಸರ ಇಲ್ಲದ ಹೊತ್ತಿನಲ್ಲಿ ಮೊದಲ ಸಲ ಪ್ರಯತ್ನಿಸಿ. ಒಣಗಿದ್ದಾಗ ಹಾಕಲು ಹೋದರೆ ಉರಿಯುತ್ತದೆ. ಕೊಳವೆ ಇರುವ, ಲೈಟ್ ಅಥವಾ ಹೆಚ್ಚೆಂದರೆ ರೆಗ್ಯುಲರ್ ತೆಗೆದುಕೊಳ್ಳಿ. ಕೈ ಸೋಪಿನಲ್ಲಿ ತೊಳೆಯಿರಿ. ಕಮೋಡಿನ ಮೇಲೆ ಮಂಡಿ ಅಗಲಿಸಿ ಕೂರಿ, ಇಲ್ಲವೇ ನಿಂತು ಒಂದು ಕಾಲನ್ನು ಟಬ್ಬಿನ ಅಂಚಿಗೆ ಇಡಿ. ಉಸಿರು ನಿಧಾನವಾಗಿ ಬಿಡಿ. ಮೈ ಬಿಗಿ ಹಿಡಿದರೆ ಅಲ್ಲಿನ ಸ್ನಾಯುಗಳೂ ಬಿಗಿಯುತ್ತವೆ. ನೇರ ಮೇಲಕ್ಕೆ ತಳ್ಳಬೇಡಿ. ಬೆನ್ನಿನ ಕೆಳಭಾಗದ ಕಡೆಗೆ ಓರೆಯಾಗಿ, ಹೊರಗಿನ ಕೊಳವೆ ಹಿಡಿದ ಬೆರಳು ಮೈಗೆ ತಾಗುವವರೆಗೆ ಒಳಗೆ ಬಿಡಿ. ಆಮೇಲೆ ಒಳಗಿನ ಕೊಳವೆಯನ್ನು ಒತ್ತಿ, ಎರಡನ್ನೂ ಹೊರಗೆ ತೆಗೆಯಿರಿ. ದಾರ ಹೊರಗೆ ತೂಗುತ್ತಿರಬೇಕು. ಸರಿಯಾಗಿ ಕೂತಿದ್ದರೆ ಅದು ಇದೆ ಅಂತಲೇ ಗೊತ್ತಾಗುವುದಿಲ್ಲ. ಕೂರುವಾಗ ಒತ್ತಿದರೆ ಸಾಕಷ್ಟು ಒಳಗೆ ಹೋಗಿಲ್ಲ ಅಂತ ಅರ್ಥ. ತೆಗೆದು ಹೊಸದನ್ನು ಇಟ್ಟುಕೊಳ್ಳಿ.

ಒಂದು ಸಲಕ್ಕೆ ಒಂದೇ. ನಾಲ್ಕರಿಂದ ಎಂಟು ಗಂಟೆಯೊಳಗೆ ಬದಲಿಸಿ, ಎಂಟನ್ನು ಯಾವತ್ತೂ ದಾಟಬೇಡಿ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ರಾತ್ರಿ ಎಂಟು ಗಂಟೆಗಿಂತ ಹೆಚ್ಚು ಮಲಗುವವರು ಪ್ಯಾಡ್ ಬಳಸಿ. ಮುಟ್ಟಿಲ್ಲದ ದಿನ 'ಇರಲಿ' ಅಂತ ಹಾಕಬೇಡಿ. ತೆಗೆಯುವಾಗ ಬಿಳಿಯಾಗಿ, ಒಣದಾಗಿ ಬಂದರೆ ನಿಮಗೆ ಇನ್ನೂ ಕಡಿಮೆ ಹೀರುವಂಥದ್ದು ಸಾಕು. ಬಳಸಿದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ, ಫ್ಲಶ್ ಮಾಡಬೇಡಿ. ಕೊನೆಯ ದಿನ ಕೊನೆಯದನ್ನು ತೆಗೆದೆನಾ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ.

ದಾರ ಸಿಗದಿದ್ದರೆ ಗಾಬರಿ ಬೇಡ. ಕೈ ತೊಳೆದು, ಕುಕ್ಕರುಗಾಲಿನಲ್ಲಿ ಕೂತು, ಕೆಳಕ್ಕೆ ಸ್ವಲ್ಪ ಮುಕ್ಕಿರಿ, ಬೆರಳಿನಿಂದ ಹುಡುಕಿ. ಆಗಲೂ ಸಿಗದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಅವರಿಗೆ ಇದು ದಿನನಿತ್ಯದ ಕೆಲಸ. ಹಲವು ಸಲ ಪ್ರಯತ್ನಿಸಿದರೂ ಒಳಗೇ ಹೋಗುತ್ತಿಲ್ಲ, ತುಂಬಾ ನೋವು ಅಂದರೆ ಬಲವಂತ ಮಾಡಬೇಡಿ. ಕೆಲವರಲ್ಲಿ ಕನ್ಯಾಪೊರೆಯ ರಚನೆ ಬೇರೆ ಇರುತ್ತದೆ, ಕೆಲವರಲ್ಲಿ ಸ್ನಾಯು ಬಿಗಿಯುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ.

ಮುಖ್ಯವಾದದ್ದು ಕೊನೆಗೆ. ಟ್ಯಾಂಪೂನ್ ಇರುವಾಗ ಅಥವಾ ತೆಗೆದ ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ 102 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟಂಥ ಕೆಂಪು ಕಂಡರೆ ತಕ್ಷಣ ಅದನ್ನು ತೆಗೆದು ಎಮರ್ಜೆನ್ಸಿಗೆ ಹೋಗಿ. 'ನಾನು ಟ್ಯಾಂಪೂನ್ ಬಳಸುತ್ತಿದ್ದೆ' ಅಂತ ಬಾಯಿಬಿಟ್ಟು ಹೇಳಿ. ಈ ಕಾಯಿಲೆ ಈಗ ಬಹಳ ಅಪರೂಪ. ಆದರೆ ಅಪ್ಪ ಅಮ್ಮ ಬೈತಾರೆ ಅಂತ ಆ ಒಂದು ಮಾತನ್ನು ಮುಚ್ಚಿಟ್ಟರೆ ಡಾಕ್ಟರು ಫ್ಲೂ ಅಂದುಕೊಂಡು ಮನೆಗೆ ಕಳಿಸಬಹುದು. ಮೌನ ಅಪಾಯವಾಗುವುದು ಅಲ್ಲಿ.

ಉಳಿದ ದಾರಿ

ಕಾಲ ಸುಮ್ಮನೆ ಕೂತಿಲ್ಲ. ಇಲಿನಾಯ್‌ನಲ್ಲಿ 2017ರ ಜನವರಿಯಿಂದ ಈ ವಸ್ತುಗಳ ಮೇಲೆ ರಾಜ್ಯದ ಮಾರಾಟ ತೆರಿಗೆ ಇಲ್ಲ. 2018ರಿಂದ ಶಾಲೆಗಳ ಬಾತ್‌ರೂಮುಗಳಲ್ಲಿ ಉಚಿತವಾಗಿ ಇಡಬೇಕು ಅನ್ನುವ ಕಾನೂನಿದೆ. ಅದೇ ವರ್ಷ ಜುಲೈನಲ್ಲಿ ಭಾರತದಲ್ಲಿ ಪ್ಯಾಡ್ ಮೇಲಿನ ಜಿಎಸ್‌ಟಿ ಹೋಯಿತು. 2021ರಲ್ಲಿ ಮಿಶಿಗನ್ ಕೂಡ ತೆರಿಗೆ ತೆಗೆಯುವ ಕಾನೂನು ಮಾಡಿತು. ಕರ್ನಾಟಕದಲ್ಲಿ 'ಶುಚಿ' ಯೋಜನೆಯಲ್ಲಿ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುತ್ತಾರೆ. 2022ರಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ 'ಮೈತ್ರಿ' ಅಂತ ಮುಟ್ಟಿನ ಕಪ್ ಹಂಚುವುದನ್ನೂ ಶುರು ಮಾಡಿದರು. 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಕೊಡಲು ಅಲ್ಲಿನ ಸಂಪುಟ ಒಪ್ಪಿತು. ಸರ್ಕಾರಿ ಆದೇಶದಲ್ಲಿ 'ಮುಟ್ಟು' ಅನ್ನುವ ಪದ ಓದಿದಾಗ, ಆ ಪಾಠ ಬಿಟ್ಟುಬಿಟ್ಟ ನಮ್ಮ ಹೈಸ್ಕೂಲು ನೆನಪಾಯಿತು.

ಟ್ಯಾಂಪೂನನ್ನೇ ಬಳಸಿ ಅಂತ ನಾನು ಹೇಳುತ್ತಿಲ್ಲ. ಪ್ಯಾಡ್ ಇಷ್ಟವಾದರೆ ಪ್ಯಾಡ್, ಕಪ್ ಆದರೆ ಕಪ್, ಬಿಸಿಲಿಗೆ ಒಣಗಿಸಿದ ಬಟ್ಟೆಯಾದರೂ ಸರಿ. ತಿಳಿದು ಆರಿಸಿಕೊಳ್ಳಿ ಅನ್ನುವುದಷ್ಟೇ ನನ್ನ ಮಾತು.

ಕನ್ನಡದ ಹಳೆಯ ನಿಘಂಟು ತೆಗೆದರೆ 'ಮುಟ್ಟು' ಅನ್ನುವುದಕ್ಕೆ ಇನ್ನೂ ಎರಡು ಅರ್ಥ ಸಿಗುತ್ತವೆ. ಒಂದು, ತಲುಪು. ಇನ್ನೊಂದು, ಸಲಕರಣೆ, ಕೆಲಸಕ್ಕೆ ಬೇಕಾದ ಸಾಮಾನು. ಅವತ್ತು ನನ್ನ ಹತ್ತಿರ ಬಂದ ಹುಡುಗಿಗೆ ಬೇಕಾಗಿದ್ದದ್ದು ಅವೆರಡೇ: ಒಂದು ಸಲಕರಣೆ, ಮತ್ತೆ ಅವಳನ್ನು ತಲುಪುವ ಒಂದು ಮಾತು. ನಾನು ಎರಡನ್ನೂ ಕೊಡಲಿಲ್ಲ. ಆಮೇಲೆ ಅವಳಿಗೆ 'ತಪ್ಪಾಯ್ತು ಕಣೇ' ಅಂದೆ. "ಇಟ್ಸ್ ಓಕೆ ಆಂಟಿ, ಈಗ ನಾನೇ ನನ್ನ ಕಸಿನ್‌ಗೆ ಹೇಳಿಕೊಟ್ಟೆ" ಅಂದಳು.

ಈಗ ನನ್ನ ಕೈಚೀಲದಲ್ಲಿ ಕನ್ನಡ ಶಾಲೆಯ ಚಾಕ್‌ಪೀಸಿನ ಜೊತೆ ಎರಡು ಪ್ಯಾಡ್, ಎರಡು ಲೈಟ್ ಟ್ಯಾಂಪೂನ್, ಆ ಮಡಚಿದ ಚೀಟಿ ಯಾವಾಗಲೂ ಇರುತ್ತವೆ. ಬೇಕಾದರೆ ಬಂದು ಕೇಳಿ. ಮೆಲ್ಲಗೆ ಕೇಳಬೇಕಾಗಿಲ್ಲ.